ನೆಲ್ಲಿಕಾಯಿ ರಸ, ಅಪ್ಪನ ಮೈಯೊಳಗಿನ ಸೀಸ

ಅಪ್ಪನ ಕೈ ಸೋತಿದೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಕೂತಾಗ. ಮುದ್ದೆ ಮುರಿಯಲು ಹೋದ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿತ್ತು. ಅವರು ಅದನ್ನು ಎಡಗೈಯಿಂದ ಎತ್ತಿ ತಟ್ಟೆಯ ಅಂಚಿಗೆ ಆನಿಸಿಕೊಂಡು, ಏನೂ ಆಗದವರಂತೆ ತಿನ್ನತೊಡಗಿದರು. ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಮೊದಲೇ ಗೊತ್ತಿತ್ತು. ಹೊಟ್ಟೆನೋವೂ ಇದೆ, ಮೂರು ತಿಂಗಳಿಂದ ಗ್ಯಾಸ್ ಮಾತ್ರೆ ನುಂಗುತ್ತಿದ್ದಾರೆ ಎಂದು ಆಮೇಲೆ ಹೇಳಿದಳು.

"ನಟ್ಟು ತಿರುವಿ ತಿರುವಿ ನರ ಹಿಡ್ಕಂಡೈತೆ ಕಣವ್ವ, ಬುಡು," ಎಂದು ಅಪ್ಪ ನಕ್ಕರು.

ಆ ನಗುವಿನಲ್ಲೇ ನಾನು ಅದನ್ನು ಕಂಡದ್ದು. ಕೆಳಸಾಲಿನ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಪೆನ್ಸಿಲಿನಲ್ಲಿ ಎಳೆದಂಥ ನೀಲಿಗಪ್ಪು ಗೆರೆ. ಅಪ್ಪ ಎಲೆಅಡಿಕೆ ಹಾಕುವವರಲ್ಲ, ಹೊಗೆಸೊಪ್ಪು ಮುಟ್ಟಿದವರಲ್ಲ. ಅಂಥದೇ ಗೆರೆಯ ಚಿತ್ರವೊಂದನ್ನು ನನ್ನ ಪ್ರಬಂಧದ ಮೊದಲ ಅಧ್ಯಾಯಕ್ಕೆ ನಾನೇ ಅಂಟಿಸಿದ್ದೆ. ಮೈಯಲ್ಲಿ ಸೀಸ ಸೇರಿದವರಿಗೆ ಬರುವ ಗೆರೆ ಅದು.

ನಾನಾಗ ತುಮಕೂರಿನಲ್ಲಿ ಸಂಶೋಧನೆಯ ಮೂರನೆಯ ವರ್ಷದಲ್ಲಿದ್ದೆ. ಅಂಗೈಯಗಲದ ಪ್ಲಾಸ್ಟಿಕ್ ಫಲಕ, ಅದರಲ್ಲಿ ಸಾಲು ಸಾಲಾಗಿ ಪುಟ್ಟ ಗುಳಿಗಳು, ಪ್ರತಿ ಗುಳಿಯಲ್ಲೂ ಮನುಷ್ಯನ ಜೀವಕೋಶಗಳು. ಅವುಗಳಿಗೆ ಸೀಸ ಹಾಕಿ, ಯಾವ ಗಿಡದ ಸಾರ ಅವನ್ನು ಉಳಿಸುತ್ತದೆ ಎಂದು ನೋಡುವುದು ನನ್ನ ಕೆಲಸ. ಕೊನೆಗೆ ಒಂದು ಹಳದಿ ದ್ರಾವಣ ಬಿಡುತ್ತೇವೆ. ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತವು ಹಳದಿಯಾಗಿಯೇ ಬಿಡುತ್ತವೆ. ಅರಿಸಿನ, ನುಗ್ಗೆಸೊಪ್ಪು, ಬೆಳ್ಳುಳ್ಳಿ ಎಲ್ಲವನ್ನೂ ನೋಡಿದ್ದೆ. ಚೆನ್ನಾಗಿ ನೇರಳೆ ತಿರುಗಿದ್ದು ನೆಲ್ಲಿಕಾಯಿಯ ಸಾಲು. ಅಮ್ಮನ ತವರು ಕೊರಟಗೆರೆ ಕಡೆ, ಸಿದ್ಧರಬೆಟ್ಟದ ತಪ್ಪಲು. ಅಲ್ಲಿಂದ ಅವಳೇ ಚೀಲದಲ್ಲಿ ತಂದುಕೊಟ್ಟ ಕಾಯಿಗಳು.

ಶಿರಾದಲ್ಲಿ ಅಪ್ಪನದು ಬ್ಯಾಟರಿ ರಿಪೇರಿ. ಪಾವಗಡದಿಂದಲೂ ಟ್ರ್ಯಾಕ್ಟರ್ ಬ್ಯಾಟರಿಗಳು ಬರುತ್ತಿದ್ದವು, "ನಾಯ್ನಾ, ಇದ್ನ ಒಸಿ ಚೂಡು" ಎಂದು ತೆಲುಗು ಬೆರೆಸಿ ನೋಡಲು ಹೇಳುವವರ ಜೊತೆ. ಮನೆಯ ಹಿಂದಿನ ತಗಡಿನ ಕೆಳಗೆ ಅಪ್ಪ ಹಳೆಯ ಪ್ಲೇಟುಗಳನ್ನು ಕಿತ್ತು, ಕಬ್ಬಿಣದ ಬಾಂಡ್ಲಿಯಲ್ಲಿ ಕರಗಿಸಿ, ವೈರು ಸಿಕ್ಕಿಸುವ ಹೊಸ ಮೊಳೆ ಹೊಯ್ಯುತ್ತಿದ್ದರು. ಆ ಕಮಟು ವಾಸನೆಯಲ್ಲೇ ನಾನು ಬೆಳೆದದ್ದು. ಮೂರು ವರ್ಷ ಸೀಸದ ಬಾಟಲಿಯನ್ನು ಕೈಗವಸು ಹಾಕಿ ಮುಟ್ಟಿದವಳಿಗೆ ಬಾಂಡ್ಲಿಯಲ್ಲಿ ಕರಗುತ್ತಿದ್ದದ್ದೂ ಅದೇ ಎಂದು ಹೊಳೆಯಲಿಲ್ಲ. ನನ್ನ ಮಟ್ಟಿಗೆ ಅದು ಸೀಸವಾಗಿರಲಿಲ್ಲ, ಅಪ್ಪನ ಕೆಲಸವಾಗಿತ್ತು.

ಮರುದಿನವೇ ಪರೀಕ್ಷೆಗೆ ರಕ್ತ ಕೊಡಿಸಿದೆ. ವರದಿ ಬರಲು ನಾಲ್ಕು ದಿನ ಬೇಕೆಂದರು. ಕೈಕಟ್ಟಿ ಕೂರಲಾಗದೆ ಅಪ್ಪನಿಗೆ ವಿಷಯ ಹೇಳಿದೆ. ಅವರು ಬೆಚ್ಚಲಿಲ್ಲ, ಬದಲಿಗೆ ಒಂದು ಉಪಾಯ ಸಿಕ್ಕಂತೆ ಕಂಡರು.

"ನೀನೇ ಔಸ್ದಿ ಕಂಡುಹಿಡ್ದಿದೀಯಲ್ಲವ್ವ. ನೆಲ್ಲಿಕಾಯಿ ರಸ ಕುಡಿದ್ಬುಟ್ರೆ ಆಗಲ್ವಾ? ಆಸ್ಪತ್ರೆಗ್ಯಾಕೆ?"

ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆ ನಾಲ್ಕು ದಿನ ನಾನೂ ಅದನ್ನೇ ನಂಬಿದೆ. ಬೆಳಿಗ್ಗೆ ಸಂಜೆ ರಸ ಹಿಂಡಿ ಕೊಟ್ಟೆ. ಲೋಟ ಹಿಡಿಯಲು ಅವರಿಗೆ ಎರಡೂ ಕೈ ಬೇಕಾಗುತ್ತಿತ್ತು. ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಕುಡಿದು, ಮಗಳ ಮೇಲಿನ ಹೆಮ್ಮೆಯಿಂದ ಅಮ್ಮನ ಕಡೆ ನೋಡುತ್ತಿದ್ದರು.

ವರದಿ ಬಂತು. ಸೀಸ ವಿಪರೀತ ಏರಿತ್ತು. ನಾನು ಅದನ್ನು ಹಿಡಿದುಕೊಂಡು ತುಮಕೂರಿಗೆ ಹೋಗಿ ನನ್ನ ಮಾರ್ಗದರ್ಶಕಿಯ ಮುಂದೆ ಕೂತೆ. ಅವರು ಎಂದೂ ದನಿ ಏರಿಸದ ಹೆಂಗಸು. ಸಾರದ ಪ್ರಮಾಣ ಹೆಚ್ಚಿಸಿದರೆ ಹೇಗೆ ಮೇಡಂ ಎಂದು ಕೇಳಿದೆ. ಅವರು ವರದಿಯನ್ನು ಎರಡು ಸಲ ಓದಿ, ನನ್ನ ಪ್ರಯೋಗದ ಪುಸ್ತಕ ತೆರೆಸಿದರು.

"ನೀನು ಗುಳಿಗೆ ಮೊದಲು ಏನು ಹಾಕಿದೆ?"

"ನೆಲ್ಲಿಕಾಯಿ."

"ಸೀಸ ಯಾವಾಗ?"

"ಮಾರನೆಯ ದಿನ."

"ನಿಮ್ಮಪ್ಪನಿಗೆ ಇಪ್ಪತ್ತು ವರ್ಷ ಸೀಸ ಮೊದಲು ಹೋಗಿದೆಯಮ್ಮ. ಅದು ಮೂಳೆಯಲ್ಲಿ ಕೂತಿದೆ. ನಿನ್ನ ಗುಳಿಯಲ್ಲಿ ಮೂಳೆ ಎಲ್ಲಿದೆ? ಇವತ್ತೇ ಕರೆದುಕೊಂಡು ಹೋಗು."

ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅವರೇ ಫೋನು ಮಾಡಿದರು. ಊರಿಗೆ ಬಂದು ಅಪ್ಪನಿಗೆ ನಾನು ಹೇಳಬೇಕಾಗಿದ್ದ ಮಾತು ಕಷ್ಟದ್ದಾಗಿತ್ತು. ನನ್ನ ಔಷಧಿ ಔಷಧಿಯಲ್ಲ, ಅಪ್ಪ. ಅದು ಫಲಕದ ಮೇಲಿನ ಕೋಶಗಳಿಗೆ ಸಿಕ್ಕ ಒಂದು ಉತ್ತರ, ಅಷ್ಟೆ. ಅವರು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಅಂಗಾದ್ರೆ ಹೋಗಾಣ ಬುಡು. ನೀನೇಳಿದ್ಮೇಲೆ ಇನ್ನೇನು," ಎಂದರು.

ಮೈಯಲ್ಲಿನ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಕಳಿಸುವ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟರು. ಐದು ದಿನ ಔಷಧಿ, ಆಮೇಲೆ ಬಿಡುವು, ಮತ್ತೆ ಐದು ದಿನ. ಅಪ್ಪನ ಬಟ್ಟೆ ಒಗೆಯುತ್ತಿದ್ದವಳೆಂದು ಅಮ್ಮನ ರಕ್ತವನ್ನೂ ನೋಡಿದರು. ಇದ್ದದ್ದು ಅಲ್ಪಸ್ವಲ್ಪ, ಔಷಧಿ ಬೇಡ, ಕೆಲಸದ ಜಾಗ ದೂರವಾದರೆ ತಾನಾಗಿ ಇಳಿಯುತ್ತದೆ ಎಂದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಮ್ಮನ ಬಗೆಗಿನ ಆ ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಪ್ಪನನ್ನು ನೋಡುತ್ತಿದ್ದ ಡಾಕ್ಟರು ತರುಣ. ನೆಲ್ಲಿಕಾಯಿ ತಿನ್ನಬಹುದೇ ಎಂದು ಅಪ್ಪ ಅವರನ್ನು ಗುಟ್ಟಾಗಿ ಕೇಳಿದ್ದರಂತೆ. ಧಾರಾಳವಾಗಿ ತಿನ್ನಿ, ಊಟದ ಜೊತೆಗೆ, ಊಟದ ಹಾಗೆ, ಆದರೆ ಬಾಂಡ್ಲಿಯ ಹತ್ತಿರ ಮಾತ್ರ ಹೋಗಬೇಡಿ ಎಂದರಂತೆ. ಅಪ್ಪ ಇದನ್ನು ನನಗೆ ಹೇಳಿದ್ದು, ಮಗಳು ಪೂರ್ತಿ ತಪ್ಪೇನೂ ಮಾಡಿರಲಿಲ್ಲ ಎಂದು ಸಮಾಧಾನ ಮಾಡುವುದಕ್ಕೆ.

ಕರಗಿಸುವ ಕೆಲಸ ಅಲ್ಲಿಗೆ ನಿಂತಿತು. ಹಿತ್ತಲಿನ ಮೇಲ್ಮಣ್ಣು ತೆಗೆಸಿ ಸಿಮೆಂಟು ಹಾಕಿಸಿದೆವು. ಅಪ್ಪ ಹೊಸ ಬ್ಯಾಟರಿ ಮಾರುವುದು, ಚಾರ್ಜು ಮಾಡುವುದು ಇಷ್ಟನ್ನೇ ಇಟ್ಟುಕೊಂಡರು. ಮೊದಮೊದಲು ಬೇಜಾರಾದರು. ಗಿರಾಕಿ ಬಂದು ಹಳೆಯದನ್ನು ತೋರಿಸಿದರೆ ಕೈ ತಾನಾಗಿ ಪಾನಾದ ಕಡೆ ಹೋಗುತ್ತಿತ್ತು.

ಚಿಕಿತ್ಸೆ ಶುರುವಾದ ಏಳನೆಯ ತಿಂಗಳು ಮೂವರೂ ತಪಾಸಣೆಗೆ ಹೋದೆವು. ಡಾಕ್ಟರು ಬಲಗೈ ಮುಂದೆ ಚಾಚಿ, ಮಣಿಕಟ್ಟು ಮೇಲೆತ್ತಿ ಎಂದರು. ಅದು ಎದ್ದಿತು. ಅವರು ಕೆಳಕ್ಕೆ ಒತ್ತಿದರು. ಅಪ್ಪ ಹಲ್ಲು ಕಚ್ಚಿ ಬಿಗಿಹಿಡಿದರು, ಕೈ ಬೀಳಲಿಲ್ಲ. ಸೀಸ ಮೊದಲಿನ ಕಾಲು ಭಾಗಕ್ಕೆ ಇಳಿದಿತ್ತು. ಡಾಕ್ಟರು ಬರೆದುಕೊಳ್ಳುತ್ತಿದ್ದರೆ ಅಮ್ಮ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಎಷ್ಟೋ ತಿಂಗಳಿನ ನಿದ್ದೆ ಒಟ್ಟಿಗೆ ಬಂದಿರಬೇಕು. ಕಂಡಕ್ಟರ್ ಎಬ್ಬಿಸಿದಾಗ ಶಿರಾ ದಾಟಿ ತಾವರೆಕೆರೆ ಬಂದಿತ್ತು. ಅವನು ಗೊಣಗುತ್ತಲೇ ಇಳಿಸಿ ಹೋದ. ಇಳಿಬಿಸಿಲಿನಲ್ಲಿ ರಸ್ತೆ ಬದಿ ನಿಂತು ಅಮ್ಮ ಮೊದಲು ನಕ್ಕಳು, ಆಮೇಲೆ ನಾವು. ಎದುರಿನ ಹೋಟೆಲಿನಲ್ಲಿ ಟೀ ಕುಡಿದು, ಬಿಸಿ ಬೋಂಡ ತಿಂದು, ಯಾವ ಅವಸರವೂ ಇಲ್ಲದೆ ವಾಪಸ್ ಹೋಗುವ ಬಸ್ಸಿಗೆ ಕಾದೆವು.