ಅವ್ವನ ಕಣ್ಣಿನ ಡ್ರಾಪ್ಸ್

ಹೋದ ವರ್ಷ ಮಳೆಗಾಲ ಮುಗಿದು ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಕೆಲಸ ಜೋರಾದಾಗಿನ ಮಾತು. ನನ್ನ ತಮ್ಮ ಪರಸು ಅಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಲೋಡರ್ ಓಡಿಸುತ್ತಿದ್ದ. ದೂಳಿಗೆ ಹಾಕುವ ಗಾಗಲ್ ಅವನ ಚಷ್ಮಾದ ಮೇಲೆ ಕೂರುತ್ತಲೇ ಇರಲಿಲ್ಲ. "ಲೆನ್ಸ್ ಹಾಕ್ಕೊಳ್ಳೋ, ಹುಡುಗಿ ನೋಡಾಕ ಹೋದ್ರೂ ಚಲೋ ಕಾಣ್ತಿ" ಎಂದು ಚುಡಾಯಿಸಿದವಳು ನಾನೇ.

ಹಾಕಿಕೊಂಡ. ಹೇಗೆ ಅಂದರೆ, ಡ್ಯೂಟಿ ಮುಗಿಸಿ ಬಂದು ಲೆನ್ಸ್ ತೆಗೆಯದೆ ಹಾಗೇ ಮಲಗುತ್ತಿದ್ದ. ಕಣ್ಣು ಚುಚ್ಚಿದರೆ ತೆಗೆದು, ಡ್ರಮ್ಮಿನ ನೀರಿನಲ್ಲಿ ಅಲ್ಲಾಡಿಸಿ ಮತ್ತೆ ಒಳಗೆ. ನಾವು ಯಾರೂ ಬೇಡ ಅನ್ನಲಿಲ್ಲ. ಕುಡಿಯುವ ನೀರೇ ತಾನೆ ಅಂದುಕೊಂಡೆವು.

ಒಂದು ದಿನ ಬಲಗಣ್ಣು ಕೆಂಪಗಾಯಿತು, ಬೆಳಕು ನೋಡಲಾಗದಷ್ಟು ನೋವು. ಓಣಿಯವರೆಲ್ಲ ಕಣ್ಣುಬೇನೆ ಅಂದರು. ಅವ್ವನಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸ್ ಅರ್ಧ ಬಾಟಲಿ ಉಳಿದಿತ್ತು. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ನಾನೇ ಹಾಕಿದೆ. ಎರಡು ದಿನಕ್ಕೆ ಕೆಂಪು ಇಳಿಯಿತು. ನಾನು ಡಾಕ್ಟರ್ ಆಗಬೇಕಿತ್ತು ಅಂತ ಜಂಬ ಕೊಚ್ಚಿಕೊಂಡೆ. ಅವನು ಮತ್ತೆ ಲೆನ್ಸ್ ಹಾಕಿಕೊಂಡು ಕೆಲಸಕ್ಕೆ ಹೋದ.

ಐದನೇ ದಿನ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಕಪ್ಪುಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ.

ಆಸ್ಪತ್ರೆಯ ಡಾಕ್ಟರ್ ಮೇಡಂ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕಣ್ಣಿನ ಮುಂದೆ ಗಾಜಿನಂಥ ಪದರ ಇರುತ್ತದಂತೆ, ಕಾರ್ನಿಯಾ. ಲೆನ್ಸ್ ಉಜ್ಜಿ ಗೀರಿದ ಜಾಗದಿಂದ ಅದರೊಳಗೆ ಕ್ರಿಮಿ ಹೊಕ್ಕು ಹುಣ್ಣಾಗಿದೆ. ಕಣ್ಣಿಗೆ ಹಾಕಿದ್ದು ಸ್ಟೀರಾಯ್ಡ್ ಡ್ರಾಪ್ಸ್; ಅದು ಮೇಲೆ ಕೆಂಪು ಇಳಿಸಿ, ಒಳಗೆ ಕ್ರಿಮಿ ಬೆಳೆಯಲು ಬಿಟ್ಟಿದೆ. ಇಷ್ಟು ಹೇಳಿ, ನಾವು ಒಯ್ದಿದ್ದ ಬಾಟಲಿ ಎತ್ತಿ ಹಿಡಿದು, ಇದನ್ನು ಕೊಟ್ಟವರು ಯಾರು ಅಂತ ಕೇಳಿದರು.

ಪರಸು ತಲೆ ಎತ್ತದೆ, ತಾನೇ ಅಂಗಡಿಯಲ್ಲಿ ಕೇಳಿ ತಗೊಂಡೆ ಅಂದುಬಿಟ್ಟ. ಮೇಡಂ ಅವನನ್ನು ಚೆನ್ನಾಗಿ ಬೈದರು. ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ.

ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿಯಿತು, ಬಿಳಿ ಕಲೆ ಉಳಿಯಿತು. ಆ ಕಣ್ಣಿನ ಮುಂದೆ ಕೈ ಆಡಿಸಿದರೆ ನೆರಳು ಕಾಣುತ್ತದೆ, ಅಷ್ಟೇ. ಈಗ ಅವನ ಕೈಗೆ ಯಾರೂ ಲೋಡರ್ ಕೊಡುವುದಿಲ್ಲ, ಲಾರಿಗಳಿಗೆ ತಾಡಪತ್ರಿ ಕಟ್ಟುತ್ತಾನೆ. ದಾನದ ಕಾರ್ನಿಯಾಕ್ಕೆ ಹೆಸರು ಬರೆಸಿದ್ದೇವೆ, ಇನ್ನೂ ಕರೆ ಬಂದಿಲ್ಲ.

ಅವತ್ತು ಯಾಕೆ ಸುಳ್ಳು ಹೇಳಿದೆ ಅಂತ ಮೊನ್ನೆ ಕೇಳಿಯೇಬಿಟ್ಟೆ.

"ಕಣ್ಣಂತೂ ಹೋಗಿತ್ತಕ್ಕಾ. ನಿನ್ನ ಬೈಸಿದ್ರ ತಿರುಗಿ ಬರ್ತಿತ್ತೇನು?" ಅಂದ.

ತನ್ನ ಕಣ್ಣು ತಾನೇ ಕಳೆದುಕೊಂಡ ದಡ್ಡ ಎಂದು ಓಣಿಯವರು ಇವತ್ತಿಗೂ ಅವನನ್ನೇ ಆಡಿಕೊಳ್ಳುತ್ತಾರೆ. ಆ ಡ್ರಾಪ್ಸ್ ಹಾಕಿದ್ದು ನಾನು. ವರ್ಷದಿಂದ ನುಂಗಿಕೊಂಡಿದ್ದನ್ನು ಇಲ್ಲಿ ಎಲ್ಲರೆದುರು ಬರೆದಿದ್ದೇನೆ. ಪರಸು ಓದಿದರೆ ಸಿಟ್ಟಾಗುತ್ತಾನೆ. ಆಗಲಿ.