ಸೀ ಹಾಕ್‌ನ ಮೂಗಿನೊಳಗೆ ಕಾಫಿ ಬೀಜ

ನನ್ನ ಮಾವನವರ ಬಾಯಿಂದ ನನ್ನ ಬಗ್ಗೆ ಮೆಚ್ಚುಗೆಯ ಮಾತು ಬಂದದ್ದಿಲ್ಲ. ಬರುತ್ತಿದ್ದದ್ದು ‘ಹ್ಞೂಂ’ ಮಾತ್ರ. ಮನೆಗೆ ಹೊಸ ಹೆಂಚು ಹೊದಿಸಿದಾಗ ತಲೆಯೆತ್ತಿ ನೋಡಿ ‘ಹ್ಞೂಂ’ ಅಂದರು. ತೋಟದ ಕೆರೆಯ ಹೂಳೆತ್ತಿಸಿ ಬೇಸಿಗೆಯಲ್ಲೂ ನೀರು ನಿಲ್ಲುವಂತೆ ಮಾಡಿದಾಗ ದಡದ ಮೇಲೆ ಕೈಕಟ್ಟಿ ನಿಂತು ‘ಹ್ಞೂಂ’ ಅಂದರು. ಅವರ ಮಗಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೂ ಅವರ ಒಟ್ಟು ಅಭಿಪ್ರಾಯ ಅಷ್ಟೇ ಇದ್ದೀತು.

“ಅಪ್ಪಯ್ಯ ಯಾರನ್ನೂ ಹೊಗಳಲ್ಲ ಬಿಡಿ” ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದಳು. ಅದು ಶುದ್ಧ ಸುಳ್ಳು. ಅವರು ಬಾಯ್ತುಂಬ ಹೊಗಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊಗಳಿಸಿಕೊಂಡದ್ದು ಮಾತ್ರ ಮನುಷ್ಯನಲ್ಲ, ವಿಮಾನ.

ಮಾವ ಹರೆಯದಲ್ಲಿ ಆಲ್ದೂರಿನಿಂದ ಓಡಿಹೋಗಿ ನೌಕಾಪಡೆ ಸೇರಿದವರು. ವಿಮಾನಗಳನ್ನು ಹೊತ್ತು ತಿರುಗುವ ದೊಡ್ಡ ಹಡಗಿನಲ್ಲಿ, ಅದರ ಡೆಕ್ಕಿನ ಮೇಲೆ, ಸೀ ಹಾಕ್ ಎಂಬ ಜೆಟ್ ವಿಮಾನದ ಗಾಲಿಗೆ ಅಡ್ಡ ಇಡುವ ಮರದ ತುಂಡು ಎಳೆಯುವುದು, ವಿಮಾನ ತಳ್ಳುವುದು, ರೆಕ್ಕೆ ಮಡಚುವುದು ಅವರ ಕೆಲಸವಾಗಿತ್ತು. ನಮ್ಮ ನೌಕಾಪಡೆಯ ಮೊದಮೊದಲ ಜೆಟ್ ಯುದ್ಧವಿಮಾನ ಅದು. “ಅದರ ಮೂಗು ನೋಡ್ಬೇಕು! ಅಷ್ಟು ಲಕ್ಷಣವಾದ ಮೂಗು ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ” ಎನ್ನುತ್ತಿದ್ದರು. ಕೊನೆಯ ಮಾತು ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಚಿಕ್ಕಮಗಳೂರಿನಲ್ಲಿ ಒಂದಾದ ಮೇಲೊಂದು ಆಪರೇಷನ್ ಎಂದಾಯಿತು. ಆಮೇಲೆ ಸ್ವಲ್ಪ ದಿನ ಮಗಳ ಮನೆಯಲ್ಲಿ, ಅಂದರೆ ಗೋಣಿಬೀಡಿನ ಹತ್ತಿರದ ನಮ್ಮ ಪುಟ್ಟ ಎಸ್ಟೇಟಿನಲ್ಲಿ ಇರುವುದೆಂದು ನಿಶ್ಚಯವಾಯಿತು. ಕಣ್ಣು ಸರಿಯಾದ ಮೇಲೆ ಏನು ನೋಡಬೇಕು ಎಂದು ಮಗಳು ಫೋನಿನಲ್ಲಿ ಕೇಳಿದ್ದಕ್ಕೆ “ಸೀ ಹಾಕ್ ಒಂದ್ಸಲ ನೋಡಿದ್ರೆ ಸಾಕಿತ್ತು. ಈಗೆಲ್ಲಿ ಸಿಗ್ತದೆ” ಅಂದರಂತೆ.

ನನ್ನ ತಲೆಯಲ್ಲಿ ದೀಪ ಹತ್ತಿತು. ಈ ವಿಮಾನದ ಪುಟ್ಟ ಮಾಡೆಲ್ ಜೋಡಿಸುವ ಕಿಟ್ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ತರಿಸುತ್ತೇನೆ, ಜೋಡಿಸುತ್ತೇನೆ, ಮಾವನವರ ಹೊಸ ಕಣ್ಣಿನ ಮುಂದೆ ಇಡುತ್ತೇನೆ. ಆಗ ‘ಹ್ಞೂಂ’ ಅನ್ನಲಿ ನೋಡೋಣ!

ಕೊರಿಯರ್‌ನವರು ನಮ್ಮ ಎಸ್ಟೇಟ್ ರಸ್ತೆಗೆ ಬರುವುದಿಲ್ಲ. ಗೋಣಿಬೀಡಿನ ಬೇಕರಿಯಲ್ಲಿ ಕೊಟ್ಟು ಹೋಗುತ್ತಾರೆ. ಬೇಕರಿಯವನೋ, ಪೆಟ್ಟಿಗೆಯ ಮೇಲಿನ ವಿಮಾನದ ಚಿತ್ರವನ್ನು ಊರಿಗೆಲ್ಲ ಕಾಣುವ ಹಾಗೆ ಬನ್ನಿನ ಡಬ್ಬದ ಮೇಲೆ ನಿಲ್ಲಿಸಿಬಿಟ್ಟಿದ್ದ. ಕಾಫಿ ತೋಟಕ್ಕೆ ಔಷಧಿ ಹೊಡೆಯಲು ಡ್ರೋನ್ ಬರುತ್ತಿರುವ ಕಾಲ. ನಾನು ಮನೆ ಮುಟ್ಟುವ ಮೊದಲೇ ಪಕ್ಕದ ಎಸ್ಟೇಟಿನವರ ಫೋನ್ ಬಂತು.

“ವಿಮಾನ ತರಿಸಿದ್ಯಂತೆ? ಔಷಧಿ ಎಷ್ಟು ಲೀಟರ್ ಹಿಡಿತದೆ ಮಾರಾಯ?”

“ಒಂದು ಚಮಚ ಹಿಡಿಬಹುದು” ಅಂದೆ.

“ಬಾಡಿಗೆಗೆ ಕೊಡಕ್ಕೆ ಇಷ್ಟ ಇಲ್ಲ ಅಂತ ಸೀದಾ ಹೇಳು” ಎಂದು ಅವರು ಫೋನ್ ಇಟ್ಟರು. ಇವತ್ತಿಗೂ ಅವರಿಗೆ ನನ್ನ ಮೇಲೆ ಸಿಟ್ಟಿದೆ.

ಪೆಟ್ಟಿಗೆ ತೆರೆದಾಗ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಚೂರುಗಳ ರಾಶಿಯೇ ಬಿತ್ತು. ಜೋಡಿಸುವ ವಿಧಾನ ಬರೀ ಚಿತ್ರಗಳಲ್ಲಿತ್ತು. ಚಿತ್ರ ನೋಡಿ ಜೋಡಿಸುವುದು ಏನು ಮಹಾ ಎಂದು ನಾನು ಆ ಹಾಳೆಯನ್ನು ಮಡಚಿ ಅಲುಗಾಡುತ್ತಿದ್ದ ಟೇಬಲ್ಲಿನ ಕಾಲ ಕೆಳಗಿಟ್ಟೆ. ಕಸಿ ಮಾಡುವ ಚಾಕು, ಹೆಂಡತಿ ಹುಬ್ಬು ಕೀಳುವ ಚಿಮಟ, ಬಟ್ಟೆ ಒಣಹಾಕುವ ಕ್ಲಿಪ್ಪು, ಇವೇ ನನ್ನ ಆಯುಧಗಳು. ಅಂಟು ಮಾತ್ರ ಭಾರಿ ಚುರುಕು. ಮೊದಲ ದಿನ ವಿಮಾನದ ಚೂರುಗಳು ಒಂದಕ್ಕೊಂದು ಅಂಟಿದ್ದಕ್ಕಿಂತ ಹೆಚ್ಚಾಗಿ ನನಗೇ ಅಂಟಿದವು. ರೆಕ್ಕೆಯ ಮೇಲೆ ಹಚ್ಚಬೇಕಾಗಿದ್ದ ಮೂರು ಬಣ್ಣದ ಚಕ್ರದ ಸ್ಟಿಕ್ಕರ್ ಹೆಬ್ಬೆರಳಿಗೆ ಅಂಟಿಕೊಂಡು ಬರಲೊಲ್ಲದು. ಅದನ್ನಿಟ್ಟುಕೊಂಡೇ ಮೂಡಿಗೆರೆಯ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಯಂತ್ರದ ಮೇಲೆ ಬೆರಳಿಟ್ಟೆ. ಯಂತ್ರ ನನ್ನನ್ನು ಗುರುತಿಸಲಿಲ್ಲ.

ಅಂತೂ ವಿಮಾನದ ಹೊಟ್ಟೆಯ ಎರಡು ಹೋಳು ಸೇರಿಸಿ, ಕ್ಲಿಪ್ಪು ಹಾಕಿ, ಗೆದ್ದೆ ಎಂದು ಕೈ ಒರೆಸಿಕೊಳ್ಳುವಾಗ ಟೇಬಲ್ಲಿನ ಮೇಲೆ ಎರಡು ಚೂರು ಉಳಿದದ್ದು ಕಂಡಿತು. ಒಂದು ಪೈಲಟ್ ಕೂರುವ ಜಾಗದ ನೆಲ, ಇನ್ನೊಂದು ಸೀಟು. ಎರಡೂ ಹೊಟ್ಟೆ ಮುಚ್ಚುವ ಮೊದಲೇ ಒಳಗೆ ಹೋಗಬೇಕಾಗಿದ್ದವು. ಈಗ ಪೈಲಟ್ ಕೂರುವ ಜಾಗದಿಂದ ಇಣುಕಿದರೆ ಸೀದಾ ಮೂಗಿನ ತುದಿಯ ತನಕ ಖಾಲಿ ಗುಹೆ.

“ಪೈಲಟ್ ನಿಂತ್ಕೊಂಡೇ ಓಡಿಸ್ತಾನಾ?” ಎಂದು ಕೇಳಿದಳು ಹೆಂಡತಿ.

ಆ ಪ್ರಶ್ನೆ ಬಗೆಹರಿಸಿದ್ದು ಕೋಳಿ. ಜಗಲಿಯ ಮೇಲೆ ಕೂತು, ಕಿಟ್ಟಿನಲ್ಲೇ ಬಂದಿದ್ದ ಪ್ಲಾಸ್ಟಿಕ್ ಪೈಲಟ್‌ಗೆ ಹೆಲ್ಮೆಟ್ಟಿನ ಬಿಳಿ ಬಣ್ಣ ಬಳಿಯುತ್ತಿದ್ದೆ. ಭತ್ತದ ಕಾಳಿಗಿಂತ ತುಸು ದಪ್ಪಗಿದ್ದ ಆಸಾಮಿ ಚಿಮಟದಿಂದ ಜಾರಿ ಅಂಗಳಕ್ಕೆ ಬಿದ್ದ. ನಮ್ಮ ಬೋಳು ಕತ್ತಿನ ಹೇಂಟೆ ಎಲ್ಲಿತ್ತೋ, ಓಡಿ ಬಂದು ಕೊಕ್ಕಿಗೆ ಹಾಕಿಕೊಂಡು ನುಂಗಿಯೇಬಿಟ್ಟಿತು. ಕಡಿದು ಹೊಟ್ಟೆ ಸೀಳುತ್ತೇನೆ ಎಂದು ನಾನು ಕುಣಿದಾಡಿದೆ. ಅದು ದಿನ ಬಿಟ್ಟು ದಿನ ಮೊಟ್ಟೆ ಇಡುವ ಕೋಳಿ, ನೀವು ಏನಿಡುತ್ತೀರಿ ಎಂದು ಹೆಂಡತಿ ಅಡ್ಡ ನಿಂತಳು. ಎರಡು ದಿನ ಆ ಕೋಳಿಯ ಹಿಂದೆಯೇ ಕಡ್ಡಿ ಹಿಡಿದುಕೊಂಡು ತಿರುಗಿದೆ. ಪೈಲಟ್ ಸಿಗಲಿಲ್ಲ.

ಹೋಗಲಿ, ಗಾಜಿನ ಮುಚ್ಚಳ ಅಂಟಿಸಿಬಿಟ್ಟರೆ ಒಳಗೆ ಯಾರಿದ್ದಾರೆಂದು ಯಾರು ನೋಡುತ್ತಾರೆ? ಅದಕ್ಕೂ ಮೊದಲು ವಿಮಾನವನ್ನು ಅದರ ಮೂರು ಗಾಲಿಯ ಮೇಲೆ ನಿಲ್ಲಿಸಿದೆ. ಅದು ನಿಧಾನಕ್ಕೆ ಮೂಗು ಮೇಲೆತ್ತಿ, ಬಾಲ ಊರಿ ಕುಳಿತುಕೊಂಡಿತು. ಮತ್ತೆ ನಿಲ್ಲಿಸಿದೆ, ಮತ್ತೆ ಕುಳಿತಿತು. ಟೇಬಲ್ಲಿನ ಕಾಲಡಿಯ ಹಾಳೆ ತೆಗೆದು ನೋಡಿದರೆ ಮೊದಲನೇ ಚಿತ್ರದಲ್ಲೇ ಮೂಗಿನೊಳಗೆ ಒಂದು ತೂಕದ ಕಲ್ಲು ಬರೆದು ಬಾಣದ ಗುರುತು ಹಾಕಿದ್ದರು. ಮೂಗಿಗೆ ಭಾರ ತುಂಬಬೇಕಿತ್ತು.

ಕಲ್ಲುಹರಳು ಹಾಕಿದೆ. ಗಿಲಕಿಯ ಹಾಗೆ ಸದ್ದು ಮಾಡಿತು. ಮಾವ ಕೈಗೆತ್ತಿಕೊಂಡಾಗ ಯುದ್ಧವಿಮಾನ ಗಿಲಿಗಿಲಿ ಅಂದರೆ ನನ್ನ ಮರ್ಯಾದೆ ಏನಾಗಬೇಕು? ಮೂಗಿನ ತುಂಬ ಗಟ್ಟಿಯಾಗಿ ಕೂರುವಂಥದ್ದು ಬೇಕಿತ್ತು. ಜಗಲಿಯ ಕೆಳಗೇ ನನ್ನ ಕಾಫಿ ಸಸಿಮಡಿ ಇತ್ತು. ಆ ವಾರವಷ್ಟೇ ಬೀಜ ಹಾಕಿ ಹುಲ್ಲು ಹೊದಿಸಿದ್ದೆ. ಬೆಳಿಗ್ಗೆ ನೀರು ಕುಡಿದ ಮಣ್ಣು, ಗೊಬ್ಬರ ಬೆರೆತು ಹಿಟ್ಟಿನ ಮುದ್ದೆಯಂತಿತ್ತು. ಮೂಲೆಯಿಂದ ಒಂದು ಹಿಡಿ ಬಾಚಿ, ಪೈಲಟ್ ಕೂರುವ ಜಾಗದಿಂದ ಕಡ್ಡಿಯಲ್ಲಿ ಒತ್ತಿ ಒತ್ತಿ ತುಂಬಿದೆ. ಒಂದೆರಡು ಬೀಜವೂ ಅದರೊಂದಿಗೆ ಬಂದಿದ್ದವು. ಬರಲಿ, ಬೀಜಕ್ಕೂ ಭಾರವಿದೆಯಲ್ಲ ಎಂದು ಅವನ್ನೂ ತುರುಕಿದೆ. ಮೇಲೆ ಗಾಜಿನ ಮುಚ್ಚಳ ಅಂಟಿಸಿದೆ. ಈ ಸಲ ವಿಮಾನ ಮೂರು ಗಾಲಿಯ ಮೇಲೆ ಘನವಾಗಿ ನಿಂತಿತು. ಅಷ್ಟು ಹೆಮ್ಮೆ ನನಗೆ ಕೆರೆಯಲ್ಲಿ ನೀರು ನಿಂತಾಗಲೂ ಆಗಿರಲಿಲ್ಲ.

ಬೂದು ಬಣ್ಣ ಹೊಡೆದ ಮೇಲೆ ಮನೆಯೆಲ್ಲ ಥಿನ್ನರ್ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡು ವಿಮಾನವನ್ನು ಒಯ್ದು ಬಚ್ಚಲ ಮನೆಯ ಗೂಡಿನಲ್ಲಿಟ್ಟಳು. ನೀರು ಕಾಯಿಸುವ ಹಂಡೆಯ ಪಕ್ಕದ ಗೂಡು ಅದು. ಒಲೆಯ ಕಾವಿಗೆ ಬಣ್ಣ ಬೇಗ ಒಣಗುತ್ತದೆಂದು ನಾನೂ ಒಪ್ಪಿದೆ. ಒಣಗಿತು ಕೂಡ. ಅಷ್ಟರಲ್ಲಿ ಮಾವನವರ ಎರಡನೇ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಅಂದರಂತೆ ಡಾಕ್ಟರು. ಕೊಯ್ಲಿನ ಗಡಿಬಿಡಿಯಲ್ಲಿ ನಾನೂ ವಿಮಾನಕ್ಕೆ ಒಂದು ಟವೆಲ್ ಹೊದಿಸಿ ಅದನ್ನು ಅಲ್ಲೇ ಬಿಟ್ಟೆ. ದಿನಾ ಸ್ನಾನದ ಹಬೆ, ಒಲೆಯ ಬಿಸಿ. ಕಾಫಿ ಬೆಳೆಗಾರನಾದ ನನಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ವಾರ ಮಾವ ಬಂದರು. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ತಿಂಡಿ ಮುಗಿದ ಮೇಲೆ ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದೆ. ಕನ್ನಡಕ ತೆಗೆಯಿರಿ ಎಂದೆ. ಹೆಂಡತಿಯೂ ಬಾಗಿಲಲ್ಲಿ ಬಂದು ನಿಂತಳು. ಟವೆಲ್ ಹೊದಿಸಿದ ವಿಮಾನವನ್ನು ಹಾಗೇ ತಂದು ಅವರೆದುರು ಟೀಪಾಯಿಯ ಮೇಲಿಟ್ಟು, ಎದೆ ಉಬ್ಬಿಸಿ, ಟವೆಲ್ ಎಳೆದೆ.

ಗಾಜಿನ ಮುಚ್ಚಳ ಒಂದು ಬದಿಗೆ ಎದ್ದು ನಿಂತಿತ್ತು. ಪೈಲಟ್ ಕೂರುವ ಜಾಗದಿಂದ ಒಂದು ಹಸಿರು ಕಾಂಡ ಬಾಗಿ ಮೇಲೆದ್ದಿತ್ತು. ಅದರ ತುದಿಯಲ್ಲಿ ಇನ್ನೂ ಸಿಪ್ಪೆ ಕಳಚದ ಬೀಜ. ಹೀಗೆ ಬೀಜವನ್ನು ತಲೆಯ ಮೇಲೆ ಹೊತ್ತು ಏಳುವ ಸಸಿಗೆ ನಮ್ಮ ಕಡೆ ಟೋಪಿ ಎನ್ನುತ್ತೇವೆ. ನಿಜಕ್ಕೂ ಹೆಲ್ಮೆಟ್ ಹಾಕಿಕೊಂಡ ಸಣಕಲ ಮನುಷ್ಯನೊಬ್ಬ ವಿಮಾನದಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ ಹಾಗಿತ್ತು.

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಮಾವ ಬಗ್ಗಿ ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ‘ಹ್ಞೂಂ’ ಬರುತ್ತದೆಂದು ನಾನು ಕಿವಿ ಗಟ್ಟಿ ಮಾಡಿಕೊಂಡು ನಿಂತೆ.

“ಪೈಲಟ್ ಯಾವ ಜಾತಿ? ಅರೇಬಿಕವಾ, ರೋಬಸ್ಟವಾ?” ಅಂದರು.

“ಅರೇಬಿಕ, ಮಾವ.” ಎತ್ತರದ ಗುಡ್ಡಗಳನ್ನೇ ಇಷ್ಟಪಡುವ ಕಾಫಿ ಅದು.

“ಮತ್ತೆ, ಎತ್ತರಕ್ಕೆ ಹೋಗೋನು ಅರೇಬಿಕನೇ ಆಗ್ಬೇಕು” ಎಂದು ಅವರು ನಗಲು ಶುರು ಮಾಡಿದರು. ಮಾವ ನಗುವುದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಪರೇಷನ್ ಆದ ಕಣ್ಣು ಒರೆಸಬೇಡಿ ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ನಗು ನಿಂತ ಮೇಲೆ ಮಾವ ಸಸಿಯನ್ನು ಹತ್ತಿರದಿಂದ ನೋಡಿ, “ಇದು ಟೋಪಿ ಆಗಿ ನಾಕು ದಿನ ಆಗಿರ್ಬೇಕು. ಈಗ್ಲೇ ಎತ್ತಿ ನೆಡ್ಬೇಕು. ಬೇರು ಮೂಗೊಳಗೆ ತಿರುಚಿಕೊಂಡ್ರೆ ಉಳಿಯಲ್ಲ” ಅಂದರು.

“ಮೇಲಿಂದ ಎಳೆದ್ರೆ ಬೇರು ತುಂಡಾಗ್ತದೆ ಮಾವ. ಮೂಗು ಒಡೀಬೇಕಾಗ್ತದೆ.”

“ಒಡೀರಿ.”

ಆ ಮೂಗು! ಕುಟುಂಬದಲ್ಲೇ ಯಾರಿಗೂ ಇಲ್ಲದ ಆ ಮೂಗಿಗಾಗಿ ನಾನು ಚಳಿಗಾಲವೆಲ್ಲ ಬೆರಳು ಅಂಟಿಸಿಕೊಂಡು ಕೂತಿದ್ದೆ. ಮಡಿಯಲ್ಲಿ ಇಂಥ ಸಸಿ ರಾಶಿ ರಾಶಿ ಇವೆ ಮಾವ, ಒಂದು ಹೋದರೆ ಹೋಗಲಿ, ವಿಮಾನ ಒಂದೇ ಇರೋದು ಎಂದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಮಾವ ತಲೆಯಲ್ಲಾಡಿಸಿದರು. “ಡೆಕ್ ಮೇಲೆ ಎಂತದೇ ಆಗ್ಲಿ, ಮೊದ್ಲು ಪೈಲಟ್‌ನ ಹೊರಗೆ ತೆಗೀಬೇಕು. ವಿಮಾನ ಆಮೇಲೆ. ನಮಗೆ ಮೊದ್ಲ ದಿನ ಕಲಿಸಿದ್ದೇ ಅದು.” ಆಮೇಲೆ ದನಿ ತಗ್ಗಿಸಿ ಹೇಳಿದರು: “ಒಂದ್ಸಲ ನಮ್ಮ ಕೈಲಿ ಆಗ್ಲಿಲ್ಲ. ಮುಚ್ಚಳ ಸಿಕ್ಕಿಹಾಕ್ಕೊಂಡಿತ್ತು. ಒಳಗಿಂದ ನನ್ನೇ ನೋಡ್ತಿದ್ದ, ಚಿಕ್ಕ ವಯಸ್ಸು.”

ಇಷ್ಟು ವರ್ಷ ವಿಮಾನದ ಮೂಗು, ರೆಕ್ಕೆ, ಬಾಲವನ್ನೆಲ್ಲ ವರ್ಣಿಸಿದ ಮನುಷ್ಯ ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ಮತ್ತೆ ಬಂದು ನಿಂತಿದ್ದ ಅವರ ಮಗಳಿಗೂ ಗೊತ್ತಿರಲಿಲ್ಲ. ನಾನು ಕಸಿ ಚಾಕು ತಂದು ಅವರ ಕೈಗಿಟ್ಟೆ.

ಹೊಸ ಕಣ್ಣು, ಹಳೆಯ ಕೈ. ಮಾವ ಮೂಗಿನ ಸುತ್ತ ಮೆಲ್ಲಗೆ ಗೀರಿ, ಮೊಟ್ಟೆ ಬಿಡಿಸಿದ ಹಾಗೆ ಬಿಡಿಸಿದರು. ಮಣ್ಣಿನ ಮುದ್ದೆ ಮೂಗಿನದೇ ಆಕಾರದಲ್ಲಿ ಹೊರಗೆ ಬಂತು. ಬೇರಿಗೆ ಒಂದಿಷ್ಟೂ ಪೆಟ್ಟಾಗಿರಲಿಲ್ಲ. ನಾನು ನರ್ಸರಿ ಚೀಲಕ್ಕೆ ಮಣ್ಣು ತುಂಬಿ ಹಿಡಿದೆ, ಅವರು ನೆಟ್ಟರು, ಹೆಂಡತಿ ನೀರು ಹಾಕಿದಳು. ಟೀಪಾಯಿಯ ಮೇಲಿದ್ದ ವಿಮಾನ ಭಾರ ತಪ್ಪಿದ್ದೇ ತಡ ಮತ್ತೆ ಬಾಲ ಊರಿ ಕುಳಿತಿತು. ಮಾವ ಚೀಲವನ್ನು ನೆರಳಿಗಿಟ್ಟು, ಸೊಂಟ ನೆಟ್ಟಗೆ ಮಾಡಿ, ಡೆಕ್ಕಿನ ಮೇಲೆ ಪೈಲಟ್‌ಗೆ ತೋರಿಸುವ ಹಾಗೆ ಸಸಿಯ ಕಡೆಗೆ ಹೆಬ್ಬೆರಳೆತ್ತಿ ತೋರಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಮಣ್ಣಿನ ಕೈ ಇಟ್ಟರು.

“ಚೆನ್ನಾಗಿ ಮಾಡಿದ್ದೀಯ ಮಾರಾಯ” ಅಂದರು.

ಈಗ ಅವರು ಆಲ್ದೂರಿನಿಂದ ವಾರ ವಾರ ಫೋನ್ ಮಾಡುತ್ತಾರೆ. ಮಗಳ ಯೋಗಕ್ಷೇಮ ಕೇಳುವುದಿಲ್ಲ, ಅಳಿಯನದಂತೂ ಇಲ್ಲವೇ ಇಲ್ಲ. “ಪೈಲಟ್ ಹೇಗಿದಾನೆ?” ಎಂದಷ್ಟೇ ಕೇಳುತ್ತಾರೆ. ನಾನು ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ, ಬೋಳು ಕತ್ತಿನ ಹೇಂಟೆ ಹತ್ತಿರ ಸುಳಿಯದಂತೆ ಹಾಕಿದ ಬಲೆ ಸರಿಸಿ, ಬಗ್ಗಿ ನೋಡುತ್ತೇನೆ.

“ಹೊಸ ಎಲೆ ಬಿಟ್ಟಿದಾನೆ ಮಾವ.”

“ಹ್ಞೂಂ” ಅನ್ನುತ್ತಾರೆ. ಅದನ್ನು ಕೇಳಿದ ದಿನ ನನಗೆ ಊಟ ಎರಡು ತುತ್ತು ಜಾಸ್ತಿ ಸೇರುತ್ತದೆ.