ಮರಿಯಂ ಹೇಳಿದ ಖಲಾಸ್

ಮಸ್ಕತ್ತಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ತಣ್ಣಗಿನ ನೀರು ಬೇಕೆಂದರೆ ಗೀಸರ್ ಆರಿಸಿ, ಅದರಲ್ಲಿ ನಿಂತ ನೀರು ಹಿಡಿಯಬೇಕು. ಹಮ್ರಿಯಾದ ಫ್ಲ್ಯಾಟಿಗೆ ಬಂದ ದಿನವೇ ಈ ಉಲ್ಟಾ ಪಾಠ ಕಲಿತೆ. ಭಾಷೆಯ ಚಿಂತೆ ಮಾತ್ರ ಇರಲಿಲ್ಲ. ಹಿಂದಿ ನಡೆಯುತ್ತದೆ, ಅರಬ್ಬಿಯ ಎಷ್ಟೋ ಶಬ್ದ ನಮ್ಮ ಧಾರವಾಡದಲ್ಲೂ ಇವೆ ಎಂದು ಬೀಗುತ್ತಿದ್ದೆ.

ಬಂದದ್ದು ಗಂಡನ ನೌಕರಿಗಾಗಿ. ನನಗೂ ಒಂದು ಪ್ರಯೋಗಾಲಯದಲ್ಲಿ ವರ್ಷದ ಕರಾರು ಸಿಕ್ಕಿತು. ನರಕೋಶದ ಮೈಮೇಲೆ ಗ್ರಾಹಕವೆಂಬ ಪ್ರೋಟೀನು ಇರುತ್ತದೆ, ಹೊರಗಿನ ಸುದ್ದಿ ಹಿಡಿಯಲು. ಅದರ ಒಳತುದಿಗೆ ಫಾಸ್ಫೇಟ್ ಅಂಟಿದರೆ ಕೋಶ ಜಾಗ ಬಿಟ್ಟು ಚಲಿಸುತ್ತದೆ, ಎಳೆ ಚಾಚಿ ಬೆಳೆಯುತ್ತದೆ. ಚಲಿಸಲು ಫಾಸ್ಫೇಟ್ ಅಂಟುವ ಜಾಗವೇ ಬೇರೆ, ಬೆಳೆಯಲು ಅಂಟುವ ಜಾಗವೇ ಬೇರೆ ಎಂದು ನನ್ನ ಹಟ. ಹಾಗಾಗಿ ಚಲನೆಯ ಜಾಗಕ್ಕೆ ಫಾಸ್ಫೇಟ್ ಅಂಟದಂತೆ ಕೋಶಗಳನ್ನು ಬದಲಿಸಿದ್ದೆ. ಆ ಕೋಶಗಳು ಉಳಿದದ್ದು ಒಂದೇ ತಟ್ಟೆಯಲ್ಲಿ. ಅವು ಕದಲದೆಯೂ ಎಳೆ ಚಾಚಿದರೆ ಕರಾರು ಮುಂದುವರಿಯುತ್ತಿತ್ತು.

ಶುಕ್ರವಾರ ರಜೆ. ಕೋಶಗಳಿಗೆ ಆಹಾರದ ದ್ರವ ಬದಲಿಸಲು ಹೋಗಿದ್ದವಳು ಹಿರಿಯ ತಂತ್ರಜ್ಞೆ ಮರಿಯಂ, ಒಮಾನಿ. ಫೋನು ಮಾಡಿದೆ.

"ಮೇರಾ ಸೆಲ್ಸ್?"

"ಖಲಾಸ್, ಡಾಕ್ಟರ್."

ನಮ್ಮ ಕಡೆ ಖಲಾಸ್ ಎಂದರೆ ಸತ್ತಂತೆಯೇ. ಸೋಂಕು ತಗುಲಿ ಸತ್ತಿರಬೇಕು, ಅದು ಬೇರೆ ತಟ್ಟೆಗಳಿಗೆ ಹರಡಬಾರದೆಂದು, "ಬ್ಲೀಚ್ ಡಾಲ್ ದೋ", ಸುರಿದು ನಾಶಮಾಡು ಎಂದೆ.

"ಪಕ್ಕಾ?"

"ಪಕ್ಕಾ."

ಭಾನುವಾರ ಅವಳು ಶುಕ್ರವಾರದ ಚಿತ್ರ ತೋರಿಸಿದಳು. ಕೋಶಗಳು ಕದಲಿರಲಿಲ್ಲ. ಆದರೆ ಒಂದೊಂದೂ ಉದ್ದುದ್ದ ಎಳೆ ಚಾಚಿತ್ತು. "ಖಾನಾ ದಿಯಾ, ಖಲಾಸ್ ಬೋಲಾ" ಎಂದು ಮರಿಯಂ ಅತ್ತಳು. ಕೆಲಸ ಆಯಿತು ಎನ್ನುವುದಕ್ಕೆ ಇಲ್ಲಿ ಹಾಗೇ ಹೇಳುತ್ತಾರೆ. ಆಗ ಅವಳ ಮೇಲೆ ಕೂಗಾಡಿಬಿಟ್ಟಿದ್ದಕ್ಕೆ ನನಗೆ ಇಂದಿಗೂ ನಾಚಿಕೆ.

ಒಂದು ಚಿತ್ರ ಪುರಾವೆಯಾಗುವುದಿಲ್ಲ ಎಂದರು ಮುಖ್ಯಸ್ಥರು. ಸರಿಯಾದ ಮಾತೇ. ಕರಾರು ಮುಗಿಯಿತು.

"ಒಂದ್ ಮಾತ್ ತಿರುಗಿ ಕೇಳಬಾರ್ದಿತ್ತೇನ?" ಎಂದ ಗಂಡ. ಮಗಳು "ಲೀವ್ ಇಟ್, ಅಮ್ಮಾ" ಎಂದಳು. ಇಂಗ್ಲಿಷ್ ಶಾಲೆಯಲ್ಲೇ ಬೆಳೆದ ಅವಳಿಗೆ ಸಮಾಧಾನ ಹೇಳಲೂ ಕನ್ನಡ ಬರುವುದಿಲ್ಲ.

ಈಗ ನಾನು ಗಂಡನ ವೀಸಾದ ಮೇಲಿದ್ದೇನೆ. ಧಾರವಾಡದ ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ. ಮೊನ್ನೆ ತಂಗಿ ಫೋನಿನಲ್ಲಿ, "ಸಾಕಬೇ ಅಕ್ಕಾ, ವಾಪಸ್ ಬಂದಬಿಡು" ಎಂದಳು.

"ಬಂದು ಏನ್ ಮಾಡ್ಲಿ?" ಎಂದೆ.

"ಅಲ್ಲೇನ್ ಮಾಡ್ತಿ?" ಎಂದು ಅವಳು ಕೇಳಿದಳು.